ಬೋರ್ಡಕ್ಕನ ಲೆಕ್ಕ

ಬಂಡವಾಳ ಅಂದರೆ ಒಂದು ಡಬ್ಬಿ ಸೀಮೆಸುಣ್ಣ,
ಹಳೇ ಲಂಗದ ಒಂದು ತುಂಡು,
ಮುಚ್ಚಿದ ಶಾಲೆಯ ಹರಾಜಿನಲ್ಲಿ ನೂರಾಹತ್ತಕ್ಕೆ ಸಿಕ್ಕ ಕರಿಹಲಗೆ.
ಎಷ್ಟು ಒರೆಸಿದರೂ ಅದರ ಎಡಮೂಲೆಯಲ್ಲಿ
ಯಾರೋ ಮೇಷ್ಟ್ರ ಏಳರ ಮಗ್ಗಿ ಹೋಗುವುದಿಲ್ಲ.
ಏಳೆಂಟ್ಲಿ ಐವತ್ತಾರರ ಮೇಲೇ ನಾನು
ಉಂಡೆ ಕೊಬ್ಬರಿಯ ರೇಟು ಬರೆದೆ.

ಅರಸೀಕೆರೆ ಎಪಿಎಂಸಿ ಗೇಟಿನೆದುರು ನನ್ನದು ಜೆರಾಕ್ಸ್ ಅಂಗಡಿ.
ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು.
ಹದಿನಾಲ್ಕು ವರ್ಷ ಬೇರೆಯವರ ಅಕ್ಷರವನ್ನೇ
ಪುಟಕ್ಕೆರಡು ರೂಪಾಯಿಯಂತೆ ಹೆತ್ತುಕೊಟ್ಟವಳು.
ಒಂದು ಮಂಗಳವಾರ ಕರೆಂಟು ಹೋಗಿ
ಕೈ ಸುಮ್ಮನಿರಲಾರದೆ
ರೇಟಿನ ಕೆಳಗೆ ಎರಡು ಸಾಲು, ನನ್ನದೇ:
"ಕೊಬ್ಬರಿ ಒಣಗಲು ಹನ್ನೊಂದು ತಿಂಗಳು,
ಬೆಲೆ ಬೀಳಲು ವರ್ತಕರ ಒಂದು ಕೆಮ್ಮು."

ಮೊದಲ ತಿಂಗಳು ಓದುಗ ಒಬ್ಬನೇ, ಹಮಾಲಿ ಓಬಳೇಶ.
ಅವನಿಗೆ ಓದು ಬಾರದು.
ಚೀಲ ಇಳಿಸಿ, ಟವೆಲು ಕೊಡವಿ,
"ಇವತ್ತು ಏನಂತದೆ ನಿಮ್ಮ ಹಲಗೆ?" ಅನ್ನುವನು.
ಓದಿ ಹೇಳಿದರೆ ನಗುವನು, ಇಲ್ಲವೇ ಉಗುಳುವನು.
ಎರಡನ್ನೂ ನೋಡಿಕೊಂಡು
ಮಾರನೇ ದಿನದ್ದು ತಿದ್ದುತ್ತಿದ್ದೆ.
ಆಮೇಲೆ ಬಾಣಾವರದ ಟೆಂಪೋದವರು ನಿಂತರು.
ರೈಲಿಗೆ ಓಡುತ್ತಿದ್ದ ಲೆಕ್ಚರರೊಬ್ಬರು
ನನ್ನದೇ ಸೀಮೆಸುಣ್ಣ ಕಿತ್ತುಕೊಂಡು
ಒಂದು ಒತ್ತಕ್ಷರ ಸರಿಮಾಡಿ ಹೋದರು.

ಮೊದಲ ದುಡ್ಡು ಚಹಾದಂಗಡಿಯ ಸತ್ತಾರ್ ಸಾಬರದು.
"ಕೆಳಗೊಂದು ಮೂಲೆ ಕೊಡಮ್ಮ, ವಾರಕ್ಕೈವತ್ತು.
ನನ್ನ ಬನ್ನು ತಾಜಾ ಅಂತ ಬರಿ."
ಬರೆಯುವ ಮುಂಚೆ ತಿಂದು ನೋಡಿದೆ.
ಅಷ್ಟೇನೂ ತಾಜಾ ಇರಲಿಲ್ಲ.
"ಸತ್ತಾರ್ ಸಾಬರ ಚಹಾ ಬಲು ಬಿಸಿ, ಬನ್ನು ಅದ್ದಿ ತಿನ್ನಿ."
ಸಾಬರು ಓದಿ, ಗಡ್ಡ ಸವರಿ, ಕೊಟ್ಟೇಬಿಟ್ಟರು.
ಆ ನೋಟನ್ನು ಮೂರು ದಿನ ಮುರಿಸಲಿಲ್ಲ.
ಯಂತ್ರ ಹೆತ್ತದ್ದಲ್ಲ ಅದು.

ಮಂಡಿ ಗುರುಶಾಂತಪ್ಪನವರು ಬಂದದ್ದು
ರೂಪಾಯಿ ಅಂಟಿಸಿದ ಮದುವೆ ಕವರಿನೊಂದಿಗೆ.
"ತಿಂಗಳಿಗಿಷ್ಟು. ನನ್ನ ಬಗ್ಗೆ ಏನೂ ಬರೆಯಬೇಕಿಲ್ಲ.
ತಕ್ಕಡಿ ವಿಷಯ ಒಂದು ಬರೆಯದಿದ್ದರಾಯಿತು."
ಹಿಂದಿನ ದಿನ ಬರೆದಿದ್ದೆ:
ಮಂಡಿಯ ತಕ್ಕಡಿಗೆ ನೆಗಡಿ,
ಕ್ವಿಂಟಾಲಿಗೊಮ್ಮೆ ಎರಡು ಕೆ.ಜಿ. ಸೀನುತ್ತದೆ.
ಬರೆದದ್ದಕ್ಕೆ ಐವತ್ತು.
ಬರೆಯದ್ದಕ್ಕೆ ಎರಡು ಸಾವಿರದ ಒಂದು.
ತೆಗೆದುಕೊಂಡೆ. ಯಾಕೆ ಸುಳ್ಳು ಹೇಳಲಿ.

ಆ ವಾರವಿಡೀ ಹಲಗೆಯ ಮೇಲೆ
ರೇಟು, ಬನ್ನು, ಮೋಡ ಕವಿದ ವಾತಾವರಣ.
ಓಬಳೇಶ ಪೂರ್ತಿ ಕೇಳಿಸಿಕೊಂಡ.
ನಗಲಿಲ್ಲ. ಉಗುಳಲೂ ಇಲ್ಲ.
ಟವೆಲು ಹೆಗಲಿಗೇರಿಸಿ ಹೋದ.

ಕವರು ವಾಪಸು ಕೊಡಲು ಹೋದರೆ ಏಳುನೂರು ಕಡಿಮೆ.
ಮಗಳ ಕನ್ನಡಕಕ್ಕೆ ಆಗಲೇ ಹೋಗಿತ್ತು.
"ಇರಲಿ ಬಿಡಮ್ಮ" ಅಂದರು ಗುರುಶಾಂತಪ್ಪನವರು.
ಇರಲಿ ಬಿಡು ಅನ್ನುವುದಕ್ಕಿಂತ
ದುಬಾರಿ ಬಡ್ಡಿ ನಾನು ಕಂಡಿಲ್ಲ.
ಮಾರನೇ ಬೆಳಿಗ್ಗೆ, ಸುಣ್ಣ ಒತ್ತಿ ಒತ್ತಿ:
"ತಕ್ಕಡಿಯ ನೆಗಡಿ ವಾಸಿಯಾಗಿಲ್ಲ.
ಮಂಡಿಗೆ ನನ್ನ ಬಾಕಿ, ಏಳುನೂರು."

ಆಮೇಲೆ ಜನ ನಿಲ್ಲತೊಡಗಿದ್ದು ಕೊಬ್ಬರಿಗಲ್ಲ,
ದಿನಾ ಇಳಿಯುವ ಆ ಸಂಖ್ಯೆಗೆ.
ಹೂವಿನ ತಿಮ್ಮಕ್ಕ, ರೈಲ್ವೆ ಗ್ಯಾಂಗ್‌ಮನ್ನರು, ಟ್ಯೂಷನ್ ಹುಡುಗರು,
"ಬೋರ್ಡಕ್ಕಾ, ಇವತ್ತೆಷ್ಟು?"
ಸೀಮೆಸುಣ್ಣದ ಡಬ್ಬಿಯಲ್ಲಿ
ಯಾರೋ ಎರಡು ರೂಪಾಯಿ ಬಿಟ್ಟಿದ್ದರು,
ಯಾರೋ ಹತ್ತರ ನೋಟು, ಬಸ್ ಟಿಕೆಟಿನಷ್ಟು ಚಿಕ್ಕದಾಗಿ ಮಡಿಸಿ.
ಟೈಲರ್ ಮುಮ್ತಾಜ್ ಬಂದು ಹೇಳಿದಳು,
"ನನ್ನದೂ ಒಂದು ಸಾಲು ಹಾಕಿ.
ಬ್ಲೌಸು ತಡ ಆಗತ್ತೆ ಅಂತಾನೂ ಬರೀರಿ, ಪರವಾಗಿಲ್ಲ."

ಇವತ್ತಿಗೆ ಬಾಕಿ ನಲವತ್ತೆರಡು.
ಹೇಗೋ ಅದು ಸರಿಯಾಗಿ
ಮೇಷ್ಟ್ರ ಏಳಾರ್ಲಿ ನಲವತ್ತೆರಡರ ಮೇಲೇ ಬಂದು ಕೂತಿದೆ,
ಅವರದ್ದು ಯಾವುದು, ನನ್ನದು ಯಾವುದು, ತಿಳಿಯದಂತೆ.
ಶುಕ್ರವಾರಕ್ಕೆ ಸೊನ್ನೆ.
ಆಮೇಲೆ ಏನು ಬರೆಯುವುದೋ, ಈಗಲೇ ಹೆದರಿಕೆ.

ಓಬಳೇಶ ಚೀಲ ಇಳಿಸಿ ನಿಂತಿದ್ದಾನೆ.