ತೆರೆದಿಟ್ಟ ತಟ್ಟೆ

ತಿಂಗಳಿಗೊಮ್ಮೆ ಗಾಳಿಗೆ ಎಡೆ ಇಡುವುದು ನನ್ನ ಕೆಲಸ.
ಆಪರೇಷನ್ ಕೋಣೆಯ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು,
ಅಂಗೈಯಗಲದ ತಟ್ಟೆ, ಒಳಗೆ ಹೆಪ್ಪುಗಟ್ಟಿದ ತಿಳಿಗಂಜಿ.
ಮುಚ್ಚಳ ತೆಗೆದು, ಉಸಿರು ಹಿಡಿದು, ಹಿಂದೆ ಸರಿಯುತ್ತೇನೆ.
ಒಂದು ಗಂಟೆ. ಯಾರೂ ಬರಬಾರದ ಪಂಕ್ತಿ.

ಆಮೇಲೆ ಐದು ದಿನ ಕಾಯುವುದು.
ಏನೂ ಬೆಳೆಯದಿದ್ದರೆ ಅದೇ ಒಳ್ಳೆ ಫಸಲು.
ಹದಿಮೂರು ವರ್ಷ ಆ ಉದ್ದನೆ ಪುಸ್ತಕದಲ್ಲಿ
ಸೊನ್ನೆ ಬಿತ್ತಿದ್ದೇನೆ, ಸಾಲು ತಪ್ಪದೆ.

ಈ ಸಲ ಬಾಗಿಲ ಪಕ್ಕದ ತಟ್ಟೆಯಲ್ಲಿ
ಒಂದು ಚುಕ್ಕೆ.
ಮೊದಲು ಬಿಳಿ ನೂಲು, ಮಂಡಕ್ಕಿ ಕಾಳಿನಷ್ಟೂ ಇಲ್ಲ;
ನಾಲ್ಕನೇ ದಿನಕ್ಕೆ ನಡುವೆ ಹಸಿರು ಪುಡಿ,
ಅಂಚಿಗೆ ಬೆಳ್ಳನೆ ಕುಚ್ಚು.

'ಎಲ್ಲಿಂದ ಬಂತಮ್ಮ ಹಾಲಮ್ಮ ಇದು?'
'ಗಾಳೀಲಿ ಸರ್.'
'ಎಲ್ಲಿ ಗಾಳೀಲಿ?'

ಅದನ್ನು ಕೇಳಬಾರದಿತ್ತು ಡಾಕ್ಟರು.
ಭತ್ತ ನೆನೆದು ಹುಳಿ ನಾರುವ ಭಟ್ಟಿ ಸಾಲಿನದೆ?
ಎಪಿಎಂಸಿ ಅಂಗಳದಲ್ಲಿ ತೊಯ್ದ ಮೆಕ್ಕೆಜೋಳಕ್ಕೆ
ಹಮಾಲರು ಸಲಿಕೆ ಹಾಕಿದಾಗ ಎದ್ದಿತಲ್ಲ ಬೂದಿಹೊಗೆ, ಅದೆ?
ಸಿಟಿ ಬಸ್ಸಿನ ಹರಿದ ಸೀಟಿನ ಸ್ಪಂಜೆ?

ಅಥವಾ ನನ್ನದೇ ಗಂಟು.
ಮಂಗಳವಾರ ಕಟ್ಟಿಕೊಂಡು ಬಂದು ಮರೆತ ಮೆತ್ತನೆ ರೊಟ್ಟಿ, ಎಣಗಾಯಿ;
ಶನಿವಾರ, ತಟ್ಟೆ ಇಡುವ ಮುಂಚೆ,
ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಚ್ಚಿದ್ದೆ.
ಬಿಚ್ಚಿ, ಛೀ, ಅಂದಿದ್ದೆ.

ಅಷ್ಟು ಉಸಿರು ಸಾಕು.
ಕಾಲಿಲ್ಲ, ರೆಕ್ಕೆಯಿಲ್ಲ, ಹೋಗಬೇಕೆಂಬ ಮನಸ್ಸೂ ಇಲ್ಲ,
ಕೂದಲ ದಪ್ಪದೊಳಗೆ ಇಪ್ಪತ್ತು ಸಾಲು ನಿಲ್ಲುವ ಮೈ.
ಬೈದರೂ ಅದಕ್ಕೆ ಬಂಡಿ ಕಟ್ಟಿದಂತೆ.

ಕೋಣೆಗೆ ಔಷಧಿ ಹೊಗೆ ಹಾಕಿ ಎರಡು ದಿನ ಬೀಗ.
ಹೊಳಲ್ಕೆರೆ ಕಡೆಯ ಗೂಳ್ಯಪ್ಪ, ರಾತ್ರಿಯಿಂದ ನೀರೂ ಮುಟ್ಟದೆ
ಬೆಂಚಿನ ಮೇಲೆ ಕೂತವನು ಕೇಳಿದ:
'ಇವತ್ತೂ ಇಲ್ಲೇನವ್ವ?'
'ಒಳಗೆ ಸ್ವಲ್ಪ ಬೂಷ್ಟು' ಅಂದೆ.
ನಕ್ಕ. 'ನಮ್ಮನೇಲಿ ಉಪ್ಪಿನಕಾಯಿಗೂ ಬರ್ತತಿ.
ಮೇಲಿಂದು ತೆಗೆದು ತಿಂತೀವಿ.'

ಕುದಿಸಿ ಕೊಲ್ಲುವ ಮೊದಲು ಮಸೂರದಡಿ ನೋಡಿದೆ:
ಸಣ್ಣ ಸಣ್ಣ ಪೊರಕೆ, ಕಡ್ಡಿಯ ತುದಿತುದಿಗೆ ಮಣಿಸರ.
ಗುಡಿಸುವುದಕ್ಕೇ ಸೇರಿದವಳು ನಾನು ಈ ಆಸ್ಪತ್ರೆಗೆ;
ಕಸವೂ ಪೊರಕೆ ಹಿಡಿದೇ ಹುಟ್ಟುತ್ತದೆಂದು
ಯಾರೂ ಹೇಳಿರಲಿಲ್ಲ.

ಪುಸ್ತಕ ತೆರೆದು, ಸೊನ್ನೆಗಳ ಕೆಳಗೆ, ಒಂದು ಎಂದು ಬರೆದೆ.
ಎಲ್ಲಿಂದ ಎಂಬ ಕಡೆ
ನನ್ನ ಹೆಸರಿಗೆ ಪೆನ್ನು ಇಟ್ಟಿದ್ದೆ, ಹಾ ಎಂಬಲ್ಲಿಗೆ
ಫ್ಯಾನಿನ ಗಾಳಿಗೆ ಹಾಳೆ ಮಗುಚಿತು.