ಬರಿಗಾಡಿಯ ತೂಕ

ಅಣ್ಣನ ಪುಸ್ತಕದಲ್ಲಿ ಅಪ್ಪನಿಗೆ ಬೆಲ್ಟಿದೆ.
ಚರ್ಮದ್ದು, ಕಂದು, ಹಿತ್ತಾಳೆಯ ಬಕಲು.
ನಲವತ್ತಮೂರನೇ ಪುಟದಲ್ಲಿ ಅದು ಗೂಟದಿಂದ ಇಳಿಯುತ್ತದೆ
‘ಹಾವಿನಂತೆ.’

ನನಗೆ ನೆನಪಿರುವ ಅಪ್ಪ
ಖಾಕಿ ಪ್ಯಾಂಟಿಗೆ ಸೆಣಬಿನ ಹುರಿ ಬಿಗಿದು
ಕಾರ್ಖಾನೆಯ ಎರಡನೇ ಸೈರನ್ನಿಗೆ ಸೈಕಲ್ಲು ಹತ್ತುತ್ತಿದ್ದ.
ಸಕ್ಕರೆ ಮೂಟೆ ಹೊಲಿಯುವ ಹುರಿ ಅದು.
ಬೆಲ್ಟು ಎಲ್ಲಿತ್ತೋ, ಕೆಂಪರಾಜಣ್ಣ?

ಕೇಳಬೇಕೆಂದು ಫೋನು ಎತ್ತಿಕೊಂಡೆ, ಇಟ್ಟೆ.
ಅವನ ಬೆನ್ನಿಗೆ ಅರಿಶಿನ ಹಚ್ಚಿದವಳು ನಾನೇ.
ಎರಡು ಬೆರಳಗಲದ ಬರೆ.
ಹುರಿ ಅಷ್ಟಗಲ ಮೂಡುವುದಿಲ್ಲ.

ಅಕ್ಕನ ಪುಸ್ತಕ ಆಮೇಲೆ ಬಂತು, ತೆಳ್ಳಗೆ,
ಮುಖಪುಟದಲ್ಲಿ ಅಪ್ಪ, ನಿವೃತ್ತಿಯ ದಿನದ ಹಾರ.
ಒಳಗೆ ಅದೇ ವರ್ಷ, ಅದೇ ಕ್ವಾರ್ಟರ್ಸು,
ಕಿಟಕಿಯಲ್ಲಿ ಅದೇ ಕಾಕಂಬಿ ವಾಸನೆ.
ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ
ಜೇಬಿನಲ್ಲಿ ಬೆಚ್ಚಗಿನ ಸಕ್ಕರೆ ತರುತ್ತಾನೆ.
ತಂದದ್ದು ನಿಜ. ನಾನೂ ನೆಕ್ಕಿದ್ದೇನೆ.
ಅಂಗೈ ಅವನದೇ.

ಆ ರಾತ್ರಿ ಮಾತ್ರ ಅಕ್ಕನ ಪುಸ್ತಕದಲ್ಲಿಲ್ಲ.
ಐದನೇ ಅಧ್ಯಾಯ ಯುಗಾದಿಗೆ ಮುಗಿದು
ಆರನೆಯದು ಅವಳ ಮದುವೆಗೆ ಶುರುವಾಗುತ್ತದೆ.
ನಡುವೆ ಒಂದು ಖಾಲಿ ಪುಟ, ಅಚ್ಚಿನವರು ಬಿಟ್ಟದ್ದು.

ಅಣ್ಣ ಬರೆಯುತ್ತಾನೆ: ‘ನಾನು ಬಾಗಿಲಿಗೆ ಅಡ್ಡ ನಿಂತೆ.’
ಬಿಡುಗಡೆಯ ದಿನ ಅದನ್ನೇ ಓದಿ
ಯಾರೋ ಹಿರಿಯರು ‘ಬೆಂಕಿಯಂಥ ಸತ್ಯ’ ಅಂದರು.
ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ.
ಅಣ್ಣಾ, ಆವತ್ತು ನೀನು ಬಾಗಿಲಲ್ಲಿರಲಿಲ್ಲ,
ಪಕ್ಕದ ಫಿಲೋಮಿನಾ ಟೀಚರ ಮಂಚದ ಕೆಳಗಿದ್ದೆ.
ಹತ್ತು ವರ್ಷದವನು ಇನ್ನೆಲ್ಲಿರಬೇಕಿತ್ತು?
ಅಡ್ಡ ನಿಂತದ್ದು ಅಕ್ಕ.
ಹಾರ ಹಾಕಿ ಬರೆದಳಲ್ಲ, ಅವಳೇ.

ಇಷ್ಟು ಖಚಿತವಾಗಿ ಹೇಳುವ ನನಗೆ ಆಗ ಆರು.
ಕೂತದ್ದು ರಾಗಿ ಡ್ರಮ್ಮಿನ ಹಿಂದೆ,
ಕಂಡದ್ದು ಬರೀ ಕಾಲು.
ಅಕ್ಕನ ಕಾಲು ಅಂದುಕೊಂಡಿದ್ದೇನೆ, ಗೆಜ್ಜೆ ಇತ್ತು.
ಗೆಜ್ಜೆ ಇತ್ತೆ?
ಎರಡು ಸಲ ಓದಿದ ಮೇಲೆ ಈಗ ಕಣ್ಣು ಮುಚ್ಚಿದರೆ
ಗೂಟದಿಂದ ಇಳಿಯುತ್ತಿರುವುದು ಬೆಲ್ಟೇ.

ಅಪ್ಪನ ಕೆಲಸ ತೂಕದ ಮನೆಯಲ್ಲಿ.
ಕಬ್ಬು ತುಂಬಿದ ಗಾಡಿ ತೂಗಿ,
ಸುರಿದು ಬಂದ ಬರಿಗಾಡಿ ತೂಗಿ,
ಅದರಲ್ಲಿ ಇದನ್ನು ಕಳೆದು ಚೀಟಿ ಬರೆಯುತ್ತಿದ್ದ.
‘ಜವರಯ್ಯನ ಚೀಟಿ ಅಂದ್ರೆ ಚೀಟಿ ಕಣಪ್ಪ’
ಅನ್ನುತ್ತಿದ್ದರು ಕೆರಗೋಡಿನಿಂದ ಗಾಡಿ ಕಟ್ಟಿ ಬಂದವರು,
ಒಂದು ಜಲ್ಲೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
ನಾನೂ ಅಣ್ಣನ ಪುಸ್ತಕದಿಂದ ಬೆಲ್ಟು ಕಳೆದೆ,
ಬಾಗಿಲು ಕಳೆದೆ, ಹಾವನ್ನೂ ಕಳೆದೆ.
ಮಿಕ್ಕದ್ದನ್ನು ಎತ್ತಲಾಗಲಿಲ್ಲ.

ಮೊದಲು ಬರೆದವರು ಇವರಿಬ್ಬರೂ ಅಲ್ಲ.
ಅಮ್ಮ, ಓದು ಬಾರದವಳು,
ಆಸ್ಪತ್ರೆಯ ಚೀಟಿಯ ಮೇಲೆ, ಕಾಂಪೌಂಡರನ ಕೈಯಲ್ಲಿ:
‘ಬಚ್ಚಲಲ್ಲಿ ಜಾರಿ ಬಿದ್ದದ್ದು.’
ಮೂರು ಪದ, ಕೆಳಗೆ ಹೆಬ್ಬೆಟ್ಟು.
ನಮ್ಮ ಕ್ವಾರ್ಟರ್ಸಿಗೆ ಆಗಿನ್ನೂ ಬಚ್ಚಲೇ ಇರಲಿಲ್ಲ,
ನಲ್ಲಿ ಬೀದಿಯಲ್ಲಿತ್ತು.

ಹೋದ ಭಾನುವಾರ, ಗುತ್ತಲಿನ ನನ್ನ ಮನೆಯಲ್ಲಿ
ಅವಳಿಗೆ ಅಣ್ಣನದನ್ನು ಓದಿ ಹೇಳಿದೆ.
ಅವರೆಕಾಯಿ ಸುಲಿಯುತ್ತಿದ್ದಳು.
ನಲವತ್ತಮೂರನ್ನು ದಾಟಿಸೋಣ ಅನ್ನಿಸಿತು, ದಾಟಿಸಲಿಲ್ಲ.
ಬೆಲ್ಟಿಗೆ ಏನೂ ಅನ್ನಲಿಲ್ಲ.
ಬಾಗಿಲಿಗೆ ಏನೂ ಅನ್ನಲಿಲ್ಲ.
‘ಹಿತ್ತಾಳೆ ಚೊಂಬು ಬೀಸಿ ಒಗೆದ’ ಎಂದಲ್ಲಿ
ಕೈ ನಿಂತಿತು.

‘ಹಿತ್ತಾಳೇದಲ್ಲ ಕಣವ್ವ, ಕಂಚಿಂದು.
ನಮ್ಮವ್ವ ಕೊಟ್ಟಿದ್ದು.
ಬರೆಯೋನು ಒಂದು ಮಾತು ಕೇಳ್ಬಾರ್ದಾ?’

ಸಿಪ್ಪೆ ಗುಡಿಸಿ ಒಂದು ಪಕ್ಕ ಮಾಡಿ,
‘ಊಂ, ಮುಂದಕ್ಕೋದು’ ಅಂದಳು.