ಎರಡು ಬ್ರೇಕಿನ ಕಾರು

ಕತ್ತಲಾದ ಮೇಲೆ ನೆತ್ತಿಯ ಬೋರ್ಡು ಇಳಿಸಿ
ಡಿಕ್ಕಿಯೊಳಗೆ ಮಕಾಡೆ ಮಲಗಿಸುತ್ತೇನೆ:
ಹಾಲಮ್ಮ ಲೇಡೀಸ್ ಡ್ರೈವಿಂಗ್ ಸ್ಕೂಲ್, ಫೋನ್ ನಂಬರು ಸಮೇತ.
ಆಮೇಲೆ ಇದು ಯಾರದೋ ಬಿಳಿ ಕಾರು.
ದಾವಣಗೆರೆಯಲ್ಲಿ ಅಂಥವು ಸಾವಿರ.

ಜಾಗ ಹುಡುಕುವುದರಲ್ಲಿ ಪಳಗಿದ್ದೇನೆ.
ಕುಂದವಾಡ ಕೆರೆ ಏರಿ ಬೇಡ,
ಜೋಡಿಗಳು ಬರುತ್ತವೆ, ಅವರ ಹಿಂದೆಯೇ ಪೊಲೀಸರು.
ಎಂಸಿಸಿ ಬಿ ಬ್ಲಾಕಿನಲ್ಲಿ ನಾಯಿಗಿಂತ ಮೊದಲು ಕ್ಯಾಮೆರಾ ಏಳುತ್ತದೆ.
ಎಪಿಎಂಸಿ ಹಿಂದೆ ಲಾರಿಗಳ ನಡುವೆ ಒಂದೇ ರಾತ್ರಿ;
ಮೆಕ್ಕೆಜೋಳದ ಧೂಳು, ಗಾಜಿಗೆ ಒತ್ತಿ ನಿಂತ ಯಾರದೋ ಮುಖ.
ಸಾಕು.
ದೊಡ್ಡಾಸ್ಪತ್ರೆ ಮಗ್ಗುಲಿನ ಬೇವಿನ ಸಾಲು ವಾಸಿ.
ಅಲ್ಲಿ ಕಾರಲ್ಲಿ ಮಲಗಿದವರನ್ನು ಯಾರೂ ಯಾಕೆ ಎನ್ನುವುದಿಲ್ಲ,
ಎಲ್ಲರೂ ಯಾರೋ ಒಬ್ಬರ ಕಡೆಯವರು.

"ಹೆಂಗದಾರ್ರಿ ನಿಮ್ ಪೇಷೆಂಟು?"
ಟಾರ್ಚು ನೆಲಕ್ಕೆ ಹಿಡಿದು ಕೇಳಿದ ಪಾರ್ಕಿಂಗಿನ ಬುಡೇನ್ ಸಾಬ್.
ಪರವಾಗಿಲ್ಲ ಅಂದೆ.
"ಯಾವ ವಾರ್ಡು?"
ಹೆಂಗಸರದು ಅಂದೆ.
ಅಷ್ಟು ಸುಳ್ಳಲ್ಲ.

ಬಾಡಿಗೆ ಆರೂವರೆ ಸಾವಿರ, ಅಡ್ವಾನ್ಸು ಅರವತ್ತು,
"ಒಬ್ಬರೇನಾ? ಯಜಮಾನರು?" ಅನ್ನುವುದಕ್ಕೆ ಬೇರೆ ರೇಟು.
ಕಾರಿನ ಕಂತು ಐದು ಸಾವಿರದ ನಾನ್ನೂರು.
ಎರಡರಲ್ಲೊಂದು ಬಿಡಬೇಕಿತ್ತು.
ಮನೆ ದುಡಿಯುವುದಿಲ್ಲ, ಕಾರು ದುಡಿಯುತ್ತದೆ.
ಲೆಕ್ಕ ಸಲೀಸಾಗಿ ಕೂತಿತು;
ಸೊಂಟವೊಂದು ಇನ್ನೂ ತಕರಾರು ಮಾಡುತ್ತಿದೆ.

ಬಸ್ ಸ್ಟ್ಯಾಂಡಿನಲ್ಲಿ ಸ್ನಾನಕ್ಕೆ ಇಪ್ಪತ್ತು. ಬಿಸಿನೀರಿಗೆ ಇನ್ನು ಹತ್ತು,
ಅದು ಅಮಾವಾಸ್ಯೆಗೆ, ಹುಣ್ಣಿಮೆಗೆ, ಮುಟ್ಟಿನ ದಿನಗಳಿಗೆ.
ಬೀರು ಅಂದರೆ ಹದಡಿ ರಸ್ತೆಯ ಇಸ್ತ್ರಿ ಅಂಗಡಿ:
ಐದು ಚೂಡಿದಾರ ಅಲ್ಲೇ ಇರುತ್ತವೆ,
ದಿನಕ್ಕೊಂದು ಬಿಡಿಸಿಕೊಂಡು ಒಂದು ಒಪ್ಪಿಸುತ್ತೇನೆ.
ಮೇಡಂ ಬಟ್ಟೇಲಿ ಒಂದು ಸುಕ್ಕಿಲ್ಲ ಅನ್ನುತ್ತಾರೆ ಹುಡುಗಿಯರು.
ರಾತ್ರಿಗೆ ಮಂಡಕ್ಕಿ, ಒಗ್ಗರಣೆ ಇಲ್ಲದ್ದು.
ಒಗ್ಗರಣೆ ಬೆಳಗಿನ ತನಕ ಸೀಟಿನಲ್ಲೇ ಕೂತಿರುತ್ತದೆ.
ಒಣ ಮಂಡಕ್ಕಿಗೆ ವಾಸನೆಯಿಲ್ಲ, ಆದರೆ ಸದ್ದು;
ಬಾಯಲ್ಲೇ ನೆನೆಸಿ ನುಂಗುತ್ತೇನೆ.

ಹರಿಹರದ ತಮ್ಮನಿಗೆ ಹೇಳಿದ್ದೇನೆ:
ರೂಮು ಸಿಕ್ಕಿತು ಕಣೋ, ಚಿಕ್ಕದು, ನಾಲ್ಕು ಕಿಟಕಿ.
"ನಾಲ್ಕಾ! ಹಂಗಾದ್ರೆ ಗಾಳಿಗೆ ಬರ ಇಲ್ಲ ಬಿಡಕ್ಕ."
ಒಂದು ಬೆರಳಷ್ಟು ಇಳಿಸುತ್ತೇನೆ.
ಸೊಳ್ಳೆಗೆ ಅಷ್ಟು ಸಾಕು.

ಮಲಗುವುದು ಎಡಗಡೆ, ಕಲಿಸುವವಳ ಸೀಟಿನಲ್ಲಿ.
ಕಾಲ ಬುಡದಲ್ಲಿ ಎರಡನೇ ಬ್ರೇಕು.
ಹನ್ನೊಂದು ವರ್ಷ ಬೇರೆಯವರ ಗಾಬರಿಯನ್ನು
ಈ ಪಾದವೇ ಹಿಡಿದು ನಿಲ್ಲಿಸಿದ್ದು.
ಈಗ ನಿದ್ದೆಯಲ್ಲಿ ಕಾರು ತಾನೇ ಇಳಿಜಾರಿಗೆ ಹೊರಟಂತಾಗಿ
ಒತ್ತುತ್ತೇನೆ, ಒತ್ತುತ್ತೇನೆ.
"ರಾತ್ರಿ ಮೂರ್ ಸಲ ಬ್ರೇಕ್ ಹಾಕಿದ್ರಿ ಮೇಡಮ್ಮಾರೆ," ಅಂದ ಬುಡೇನ್ ಸಾಬ್,
"ಹಿಂದಿನ ಮರ ಎಲ್ಲ ಕೆಂಪಗಾತು. ಬ್ಯಾಟ್ರಿ ಇಳೀತೈತಿ."

ಮೂವತ್ತೆಂಟನೆಯ ರಾತ್ರಿ ಪೇಷೆಂಟಿನ ಸುದ್ದಿ ಎತ್ತಲಿಲ್ಲ.
ಒಂದು ಬನ್ನು, ಕಾಗದದ ಲೋಟದಲ್ಲಿ ಹಾಲು,
ಬಾನೆಟ್ಟಿನ ಮೇಲಿಟ್ಟು
"ಒಳಗೆ ಕೊಟ್ಬಿಡ್ರಿ" ಅಂದ.
ಬೆನ್ನು ಹಾಕಿ ನಿಂತ, ಖಾಲಿ ಗೇಟು ನೋಡುತ್ತ.
ಒಳಗೆ ಅಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.
ಕೈ ಚಾಚಿ ತೆಗೆದುಕೊಂಡೆ. ಬಾಗಿಲು ಹಾಕಿದೆ.
ಕೊಟ್ಟೆ.

ಬೆಳಗ್ಗೆ ಗಾಜಿನ ಮೇಲಿನ ನನ್ನ ಉಸಿರನ್ನು
ಹಳೇ ಬನಿಯನ್ನಿನಲ್ಲಿ ಒರೆಸಿ, ಬೋರ್ಡು ಏರಿಸಿ,
ಹೈಸ್ಕೂಲ್ ಮೈದಾನದಲ್ಲಿ ಮುಬೀನಾಗೆ ರಿವರ್ಸ್ ಹೇಳಿಕೊಟ್ಟೆ.
ಕನ್ನಡಿ ನೋಡು. ಹೆದರಬೇಡ, ನನ್ನ ಹತ್ತಿರಾನೂ ಬ್ರೇಕಿದೆ.
ಇವತ್ತು ಒಮ್ಮೆಯೂ ಎಂಜಿನ್ ಆರಲಿಲ್ಲ ಅವಳಿಗೆ.
ಆ ಖುಷಿಯಲ್ಲಿ,
"ಮೇಡಂ, ನಿಮ್ಮ ಮನೆ ತನಕ ನಾನೇ ಓಡಿಸಲಾ?
ಪ್ರಾಕ್ಟೀಸೂ ಆಗುತ್ತೆ. ಯಾವ ಕಡೆ?"

ಇಲ್ಲೇ ಎಡಕ್ಕೆ ತಗೊಂಡು ನಿಲ್ಲಿಸು, ಅಂದೆ.
ನ್ಯೂಟ್ರಲ್. ಹ್ಯಾಂಡ್ ಬ್ರೇಕು.
ಚೆನ್ನಾಗಿ ನಿಲ್ಲಿಸಿದೆ.